ಅರ್ಥವಾಗದಿದ್ದರೂ ಹೂಂ ಎನ್ನುತ್ತಿದ್ದ ಟೈಲರಕ್ಕ

ಟೈಲರಕ್ಕ ತನ್ನ ನಲವತ್ತಾರನೆಯ ವಯಸ್ಸಿನವರೆಗೂ ಯಾವ ಸಂದರ್ಶನಕ್ಕೂ ಹೋದವಳಲ್ಲ. ಹುಡುಗಿಯಾಗಿದ್ದಾಗ ಚಿಕ್ಕಮ್ಮ ಅವಳನ್ನು ಹೊಲಿಗೆ ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಅಂಗಡಿಯ ಮಾಸ್ತರು ಒಂದು ತುಂಡು ಬಟ್ಟೆ, ಸೂಜಿ, ದಾರ ಕೊಟ್ಟು ಗುಂಡಿಯ ಕಾಜಾ ಹೊಲಿಯಲು ಹೇಳಿದರು. ಹೊಲಿದದ್ದನ್ನು ಬೆಳಕಿಗೆ ಹಿಡಿದು ನೋಡಿ, ನಾಳೆಯಿಂದ ಬಾ ಎಂದರು. ಆ ನಾಳೆ ಮುಗಿದದ್ದು ಮಾಸ್ತರ ಕಣ್ಣು ಮಂಜಾಗಿ, ಅಂಗಡಿ ಬೇರೆಯವರ ಕೈಗೆ ಹೋದಾಗ. ಅಷ್ಟರಲ್ಲಿ ಬೀದಿಯವರೆಲ್ಲ ಅವಳ ನಿಜವಾದ ಹೆಸರು ಮರೆತೇಬಿಟ್ಟಿದ್ದರು.

ಮನೆಯಲ್ಲಿ ಮೆಷಿನ್ ಇತ್ತು. ಅಕ್ಕಪಕ್ಕದವರು ಪ್ಯಾಂಟಿನ ಅಂಚು ಮಡಿಸಿಕೊಡು, ಜಿಪ್ ಬದಲಿಸಿಕೊಡು ಎಂದು ಬರುತ್ತಿದ್ದರು. ಆದರೆ ಬೆಳಿಗ್ಗೆ ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿ, ನಾಲ್ಕು ಜನರ ನಡುವೆ ಹೋಗಿ ಕೂತು ಕೆಲಸ ಮಾಡುವ ಸುಖ ಅದರಲ್ಲಿರಲಿಲ್ಲ. ಎದುರು ಮನೆಯ ನರ್ಸಮ್ಮ ಒಂದು ಸಂಜೆ ಬಂದು, ತಮ್ಮ ಆಸ್ಪತ್ರೆಯ ಬಟ್ಟೆ ವಿಭಾಗಕ್ಕೆ ಹೊಲಿಗೆ ಬಲ್ಲವರು ಬೇಕಂತೆ, ಅರ್ಜಿ ಹಾಕು ಎಂದಾಗ ಅವಳಿಗೆ ಎಲ್ಲಿಲ್ಲದ ಹುರುಪು ಬಂತು. ಅರ್ಜಿ ಹೋಯಿತು. ಸಂದರ್ಶನಕ್ಕೆ ಬನ್ನಿ ಎಂದು ಕರೆಯೂ ಬಂತು.

ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಮಗಳು ಅಮ್ಮನನ್ನು ತಯಾರು ಮಾಡುವ ಹೊಣೆ ಹೊತ್ತುಕೊಂಡಳು. ಊಟದ ಮೇಜಿನ ಆಚೆ ಬದಿಗೆ ಕೂತು, ಮುಖ ಗಂಟಿಕ್ಕಿಕೊಂಡು, ಪ್ರಶ್ನೆಗಳನ್ನು ಶುರು ಮಾಡಿದಳು. ಅನುಭವ ಏನು, ಯಾವ ಯಾವ ಮೆಷಿನ್ ಗೊತ್ತು, ಇವೆಲ್ಲ ಸಲೀಸಾಗಿ ಹೋದವು. ಆಮೇಲೆ ಅವಳು ಕೇಳಿದ್ದು, ನಿಮ್ಮ ದೌರ್ಬಲ್ಯ ಏನು ಅಂತ.

ಟೈಲರಕ್ಕ ಬೆಪ್ಪಾದಳು. ಕೆಲಸ ಕೊಡುವವರು ಯಾಕೆ ಅದನ್ನು ಕೇಳುತ್ತಾರೆ, ಅದನ್ನೆಲ್ಲ ಹೇಳಿದರೆ ಕೊಡುತ್ತಾರಾ ಎಂದು ಕೇಳಿದಳು. ಕೇಳೇ ಕೇಳುತ್ತಾರೆ, ಎಲ್ಲಾ ಕಡೆ ಇದೇ ರೂಢಿ ಎಂದಳು ಮಗಳು. ಸೋಫಾದಲ್ಲಿ ಕೂತಿದ್ದ ಗಂಡ, ನಿನಗೆಂಥ ದೌರ್ಬಲ್ಯ ಮಾರಾಯ್ತಿ ಎಂದು ದೊಡ್ಡ ಮನಸ್ಸು ಮಾಡಿದವನು, ಮರುಕ್ಷಣವೇ ಲೈಟ್ ಆರಿಸದೆ ಹೋಗುವುದು, ಫೋನ್ ಎಲ್ಲೋ ಇಟ್ಟು ಮನೆಯೆಲ್ಲ ಹುಡುಕುವುದು, ಅರ್ಧ ಕುಡಿದ ಕಾಫಿ ಲೋಟವನ್ನು ಮೆಷಿನ್ ಮೇಲೆ ಮರೆಯುವುದು ಎಂದು ಒಂದೊಂದೇ ಬಿಚ್ಚತೊಡಗಿದ. ಅವನು ಎಲೆಕ್ಟ್ರಿಷಿಯನ್ ಆದ್ದರಿಂದ ಲೈಟಿನ ವಿಷಯಕ್ಕೆ ಎರಡು ಸಲ ಬಂದ. ಒಳಗಿನಿಂದ ಅತ್ತೆ, ಕಿವಿ ಮಂದವೆಂದು ಎಲ್ಲರೂ ನಂಬಿದ್ದ ಅತ್ತೆ, ಅವಳು ಎಲ್ಲದಕ್ಕೂ ಹೂಂ ಅಂತಾಳೆ ಕಣೋ, ಅದನ್ನ ಬರ್ಕೊಳ್ಳಿ ಎಂದು ಕೂಗಿದರು.

ಮಗಳು ಇದ್ಯಾವುದೂ ನಡೆಯುವುದಿಲ್ಲ ಎಂದು ತಳ್ಳಿಹಾಕಿದಳು. ದೌರ್ಬಲ್ಯ ಅಂದರೆ ಕೇಳಿದವರಿಗೆ ಗುಣದ ಹಾಗೆ ಕಾಣಬೇಕು. "ಅಮ್ಮಾ, ನೀನು ಹಿಂಗೆ ಹೇಳು. ಕೆಲಸ ಹಿಡಿದ್ರೆ ಮುಗಿಸೋ ತನಕ ಊಟ ನಿದ್ದೆ ನೆನಪಾಗಲ್ಲ, ಅದೇ ನನ್ನ ದೌರ್ಬಲ್ಯ. ಎಲ್ಲಿ, ಹೇಳು."

ಟೈಲರಕ್ಕ ಹೇಳಿದಳು. ಊಟದ ಹೊತ್ತಿಗೆ ಸರಿಯಾಗಿ ಕತ್ತರಿ ಕೆಳಗಿಡುವವಳು ತಾನು. ಮಾತು ಬಾಯಲ್ಲಿ ಪರರ ಹಲ್ಲಿನ ಸೆಟ್ಟಿನಂತೆ ಕೂತಿತು. ಆದರೂ ಮಗಳ ಮೇಲಿನ ಪ್ರೀತಿಗೆ ಪಾತ್ರೆ ತೊಳೆಯುವಾಗಲೂ ಗುನುಗಿಕೊಂಡು ಬಾಯಿಪಾಠ ಮಾಡಿದಳು.

ಅತ್ತೆ ಹೇಳಿದ್ದು ಮಾತ್ರ ಸುಳ್ಳಾಗಿರಲಿಲ್ಲ. ಯಾರಾದರೂ ಏನಾದರೂ ವಿವರಿಸಿದರೆ, ತಿಳಿಯಲಿ ಬಿಡಲಿ, ಟೈಲರಕ್ಕನ ತಲೆ ತಾನಾಗಿ ಆಡುತ್ತಿತ್ತು. ಇನ್ನೊಂದು ಸಲ ಹೇಳಿ ಎನ್ನಲು ಅವಳಿಗೆ ನಾಲಿಗೆ ಏಳುತ್ತಿರಲಿಲ್ಲ. ಎದುರಿನವರಿಗೆ ತೊಂದರೆ ಕೊಟ್ಟ ಹಾಗೆ, ತಾನು ದಡ್ಡಿಯೆಂದು ಸಾರಿದ ಹಾಗೆ ಅನ್ನಿಸುತ್ತಿತ್ತು. ಅಂಗಡಿಗೆ ಸೇರಿದ ಹೊಸತರಲ್ಲಿ ಒಬ್ಬ ಗಿರಾಕಿ ಒಳ್ಳೆಯ ಉಣ್ಣೆ ಬಟ್ಟೆ ತಂದು, ಕೋಟು ಹೀಗಿರಬೇಕು, ಒಳಜೇಬು ಹಾಗಿರಬೇಕು ಎಂದು ಪಟಪಟನೆ ಹೇಳಿ ಹೋಗಿದ್ದ. ಇವಳು ತಲೆಯಾಡಿಸಿದ್ದೇ ಆಡಿಸಿದ್ದು. ಕೋಟು ತಯಾರಾದಾಗ ಒಳಜೇಬು ಅವನ ಕೈ ಹೋಗದ ಕಡೆಗಿತ್ತು. ಆತ ಎಡಗೈಯವನು, ಅದನ್ನೇ ಅವನು ಅಷ್ಟು ಹೊತ್ತು ಹೇಳಿದ್ದು. ಮಾಸ್ತರು ಬೈಯಲಿಲ್ಲ. ಕೋಟಿನ ಒಳಗಿನ ಅಸ್ತರು ಬಿಚ್ಚಿ ಸರಿ ಮಾಡುತ್ತಾ, "ನಿನ್ನ ಕೈ ಸುಳ್ಳು ಹೇಳಲ್ಲ ಮಗಳೇ, ಕತ್ತು ಹೇಳುತ್ತೆ" ಎಂದರು. ಅಂದಿನಿಂದ ಗಿರಾಕಿ ಹೇಳಿದ್ದನ್ನು ಅವರ ಎದುರಿಗೇ ತಿರುಗಿ ಒಪ್ಪಿಸುವ ಅಭ್ಯಾಸ ಹಾಕಿಸಿದರು. ಅಂಗಡಿಯಲ್ಲಿ ಆ ಅಭ್ಯಾಸ ನಿಂತಿತು. ಹೊಸಿಲು ದಾಟಿದರೆ ಕತ್ತು ಮತ್ತೆ ತನ್ನ ದಾರಿ ಹಿಡಿಯುತ್ತಿತ್ತು.

ಸಂದರ್ಶನ ನಡೆದದ್ದು ಆಸ್ಪತ್ರೆಯ ನೆಲಮಾಳಿಗೆಯ ಒಂದು ಕೋಣೆಯಲ್ಲಿ. ಗೋಡೆಯಾಚೆ ಒಗೆಯುವ ಯಂತ್ರಗಳು ಗುಡುಗುತ್ತಿದ್ದವು, ಮೇಜಿನ ಮೇಲಿದ್ದ ನೀರಿನ ಲೋಟ ಸಣ್ಣಗೆ ನಡುಗುತ್ತಿತ್ತು. ಒಂದು ಕಡೆ ಆಫೀಸಿನ ಯುವಕ, ಇಸ್ತ್ರಿ ಗೆರೆ ಮುರಿಯದ ಅಂಗಿ. ಅವನ ಪಕ್ಕ ಬಟ್ಟೆ ವಿಭಾಗದ ಮುಖ್ಯಸ್ಥೆ, ದಪ್ಪ ಕನ್ನಡಕದ, ತೋಳು ಮಡಚಿಕೊಂಡ ಹೆಂಗಸು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಬಟ್ಟೆ ಮೇಡಂ ಎನ್ನುತ್ತಾರೆಂದು ನರ್ಸಮ್ಮ ಮೊದಲೇ ಹೇಳಿದ್ದಳು.

ಮೊದಲು ಮೇಡಂ ಕೆಲಸ ಏನೆಂದು ವಿವರಿಸಿದರು. ವಾರ್ಡಿನ ಬಿಳಿ ಚಾದರ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಹರಿದದ್ದು ಒಗೆತಕ್ಕೆ ಮುಂಚೆ ಎಲ್ಲಿಗೆ, ಒಗೆತದ ನಂತರ ಎಲ್ಲಿಗೆ, ತೇಪೆ ಹಾಕಿದ್ದು ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಕೂಡದು, ಹಳದಿ ಚೀಲ ಯಾವುದಕ್ಕೆ. ಯಂತ್ರದ ಸದ್ದಿನ ನಡುವೆ, ಒಂದೇ ಉಸಿರಿನಲ್ಲಿ. ಟೈಲರಕ್ಕ ಎಲ್ಲದಕ್ಕೂ ಹೂಂ ಹೂಂ ಎಂದಳು. ಹಳದಿ ಚೀಲದ ಹೊತ್ತಿಗೆ ಅವಳ ಮನಸ್ಸಿನಲ್ಲಿ ಬಿಳಿ ಹಸಿರು ಎಲ್ಲ ಒಂದೇ ಬಕೀಟಿನಲ್ಲಿ ಕಲಸಿಹೋಗಿದ್ದವು.

ಆಮೇಲೆ ಯುವಕ ಹಾಳೆ ನೋಡಿಕೊಂಡು ಆ ಪ್ರಶ್ನೆ ಕೇಳಿದ. ಟೈಲರಕ್ಕ ಬಾಯಿಪಾಠ ಶುರು ಮಾಡಿದಳು. "ನಾನು ಕೆಲಸ ಹಿಡಿದ್ರೆ..."

"ಊಟ ನಿದ್ದೆ ಬಿಡ್ತೀರಾ?" ಎಂದರು ಬಟ್ಟೆ ಮೇಡಂ. ವ್ಯಂಗ್ಯವಿರಲಿಲ್ಲ, ದಣಿವಿತ್ತು. ಬೆಳಿಗ್ಗೆಯಿಂದ ಬಂದವರೆಲ್ಲ ಊಟ ನಿದ್ದೆ ಬಿಟ್ಟವರೇ ಎಂದು ಅವರು ಯುವಕನಿಗೆ ಹೇಳಿದರು. ಅವನು ನಗು ತಡೆದುಕೊಂಡ.

ಟೈಲರಕ್ಕನ ಕಿವಿ ಬಿಸಿಯಾಯಿತು. ಆದರೆ ಅದರ ಜೊತೆಗೇ ಏನೋ ಹಗುರವೂ ಆಯಿತು. ಬಿಗಿಯಾಗಿದ್ದ ರವಿಕೆಯ ಹೊಲಿಗೆ ಒಂದೆಡೆ ಬಿಟ್ಟುಕೊಂಡ ಹಾಗೆ. ಅವಳು ಕೈಚೀಲವನ್ನು ತೊಡೆಯಿಂದ ಕೆಳಗಿಟ್ಟಳು.

"ಇಲ್ಲ ಮೇಡಂ. ನಾನು ಹೊತ್ತಿಗೆ ಸರಿಯಾಗಿ ಉಣ್ತೀನಿ. ನನಗಿರೋ ಕಷ್ಟ ಬೇರೆ. ಅರ್ಥ ಆಗದೆ ಇದ್ರೂ ತಲೆ ಆಡಿಸ್ತೀನಿ. ಈಗ ತಾನೇ ನೀವು ಹೇಳಿದ್ರಲ್ಲ, ಅದ್ರಲ್ಲಿ ಅರ್ಧ ನನಗೆ ತಿಳೀಲಿಲ್ಲ. ಆದ್ರೂ ಹೂಂ ಅಂದೆ."

ಯುವಕ ಪೆನ್ನು ಕೆಳಗಿಟ್ಟು, ಹಾಗಾದರೆ ಅದಕ್ಕೆ ಏನು ಮಾಡುತ್ತೀರಿ ಎಂದು ಕೇಳಿದ. ಟೈಲರಕ್ಕ ಎಡಗೈ ಗಿರಾಕಿಯ ಕೋಟಿನ ಕಥೆ ಹೇಳಿದಳು, ಮಾಸ್ತರು ಹಾಕಿಸಿದ ಅಭ್ಯಾಸದ ಬಗ್ಗೆ ಹೇಳಿದಳು. ನೀವು ಇನ್ನೊಂದು ಸಲ ಹೇಳಿ, ನಾನು ತಿರುಗಿ ಒಪ್ಪಿಸುತ್ತೇನೆ, ತಪ್ಪಿದರೆ ಅಲ್ಲೇ ಹಿಡಿಯಿರಿ ಎಂದಳು.

ಮೇಡಂ ಎದ್ದು ಹೋಗಿ ಪಕ್ಕದ ಕೋಣೆಯಿಂದ ಒಂದು ಬಿಳಿ ಚಾದರ, ಒಂದು ಹಸಿರು ಬಟ್ಟೆ ತಂದು ಮೇಜಿನ ಮೇಲೆ ಹರಡಿದರು. ಈ ಸಲ ನಿಧಾನವಾಗಿ, ಬಟ್ಟೆ ಮುಟ್ಟಿ ಮುಟ್ಟಿ ಹೇಳಿದರು. ಟೈಲರಕ್ಕ ತಿರುಗಿ ಒಪ್ಪಿಸಿದಳು. ಒಂದು ಕಡೆ ತಪ್ಪಿತು: ತೇಪೆ ಹಾಕಿದ ಹಸಿರು ಬಟ್ಟೆ ಮತ್ತೆ ಆಪರೇಷನ್ ಕೋಣೆಗೆ ಎಂದುಬಿಟ್ಟಳು. ಅಲ್ಲಿಗೆ ತೇಪೆಯದು ಹೋಗಲೇಬಾರದು ಎಂದು ಮೇಡಂ ತಿದ್ದಿದರು. ಯುವಕ ಈ ನಿಯಮ ತನಗೂ ಗೊತ್ತಿರಲಿಲ್ಲ ಎಂದ. ಗೊತ್ತಿರಬೇಕಾದ ಅಗತ್ಯವೂ ಅವನಿಗಿರಲಿಲ್ಲ.

ಮನೆಯಲ್ಲಿ ಇದನ್ನೆಲ್ಲ ಕೇಳಿ ಮಗಳು ತಲೆಯ ಮೇಲೆ ಕೈ ಹೊತ್ತು ಕೂತಳು. ಯಾರಾದರೂ ಹಾಗೆ ಹೇಳುತ್ತಾರಾ, ಹೋಯಿತು, ಆ ಕೆಲಸ ಮರೆತುಬಿಡು ಎಂದಳು. ಟೈಲರಕ್ಕನಿಗೂ ಅಷ್ಟೇನೂ ಭರವಸೆಯಿರಲಿಲ್ಲ. ಆದರೆ ಅವಳು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದಳು. ವಾರ ಕಳೆದು, ಪಕ್ಕದ ಮನೆಯವರ ಪರದೆ ಹೊಲಿಯುತ್ತಿದ್ದಾಗ ಫೋನ್ ಬಂತು. ಮಾತು ಮುಗಿಸಿ, ಮುಂದಿನ ತಿಂಗಳಿಂದ ಬರಬೇಕಂತೆ ಎಂದು ಗಂಡನಿಗೆ ಹೇಳುವಾಗ ಅವಳ ದನಿ ಸಣ್ಣದಾಗಿತ್ತು. ಅವನು ಆ ಸಂಜೆ ಮೆಷಿನ್ ಹತ್ತಿರ ಅವಳು ಮರೆತಿದ್ದ ಲೋಟವನ್ನು ತಾನೇ ತೊಳೆದಿಟ್ಟ.

ಕೆಲಸಕ್ಕೆ ಸೇರಿ ಕೆಲವು ತಿಂಗಳಾದ ಮೇಲೆ, ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು ಕೂತಿದ್ದಾಗ, ಬಟ್ಟೆ ಮೇಡಂ ಅವಳ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು.

"ಒಂದು ಮಾತು ಹೇಳ್ತೀನಿ, ನಗಬೇಡಿ," ಎಂದರು. "ಇಷ್ಟು ವರ್ಷ ನಾನು ಹೇಳಿದ್ದೆಲ್ಲ ಎಲ್ಲರಿಗೂ ಅರ್ಥ ಆಗಿದೆ ಅಂದ್ಕೊಂಡಿದ್ದೆ. ಚಾದರ ತಪ್ಪು ವಾರ್ಡಿಗೆ ಹೋದಾಗೆಲ್ಲ ಹುಡುಗೀರು ಸೋಮಾರಿಗಳು ಅಂತ ಬೈತಿದ್ದೆ. ನೀವು ಹೇಳಿದ್ಮೇಲೆ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಕೇಳಿದೆ. ನಾನು ಅಷ್ಟು ಬಿರುಸಾಗಿ ಮಾತಾಡ್ತೀನಂತೆ. ಎಲ್ಲರೂ ನಿಮ್ಮ ಹಂಗೇ ತಲೆ ಆಡಿಸ್ತಿದ್ರಂತೆ."

ಟೈಲರಕ್ಕ ನಗಬಾರದೆಂದು ಬಹಳ ಪ್ರಯತ್ನಪಟ್ಟಳು. ಆಗಲಿಲ್ಲ. ಮೇಡಂ ಕೂಡ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. ಆಚೆ ಇಸ್ತ್ರಿ ಮಾಡುತ್ತಿದ್ದ ಇಬ್ಬರು ಹೆಂಗಸರು ಏನಾಯಿತೆಂದು ಬಗ್ಗಿ ನೋಡಿದರು.

ಈಗ ಆ ನೆಲಮಾಳಿಗೆಯಲ್ಲಿ ಮೇಡಂ ಏನಾದರೂ ಹೊಸದು ಹೇಳಿದರೆ, ಯಾರಾದರೊಬ್ಬರು ತಿರುಗಿ ಒಪ್ಪಿಸುವುದು ವಾಡಿಕೆಯಾಗಿದೆ. ಟೈಲರಕ್ಕನ ಮೆಷಿನ್ ಇರುವುದು ಸೂರಿನ ಹತ್ತಿರದ, ರಸ್ತೆಯ ಮಟ್ಟದ ಸಣ್ಣ ಕಿಟಕಿಯ ಕೆಳಗೆ. ಅಲ್ಲಿಂದ ರಸ್ತೆಯಲ್ಲಿ ಓಡಾಡುವವರ ಪಾದಗಳಷ್ಟೇ ಕಾಣುತ್ತವೆ. ಚಾದರದ ಅಂಚು ಹೊಲಿಯುತ್ತಾ ಅವಳು ಚಪ್ಪಲಿ ಬೂಟುಗಳನ್ನು ನೋಡಿ, ಇವರು ಯಾರನ್ನು ನೋಡಲು ಬಂದಿರಬಹುದು, ಯಾರು ಗುಣವಾಗಿ ಮನೆಗೆ ಹೊರಟಿರಬಹುದು ಎಂದು ಊಹಿಸುತ್ತಾಳೆ. ನಿಧಾನವಾಗಿ ಹೆಜ್ಜೆಯಿಡುವ ಒಂದು ಜೊತೆ ಪಾದಗಳ ಪಕ್ಕದಲ್ಲಿ, ಅವಕ್ಕೆ ಹೊಂದಿಕೊಂಡು ನಡೆಯುವ ಇನ್ನೊಂದು ಜೊತೆ ಕಂಡರೆ, ಅವು ಕಣ್ಮರೆಯಾಗುವ ತನಕ ಮೆಷಿನ್ ನಿಲ್ಲಿಸಿ ನೋಡುತ್ತಾಳೆ.