ಯುಗ ಬದಲಾಯಿಸುವ ಮಾಸ್ತರರು

ಕಿತ್ತೂರಿನ ಚಹಾದಂಗಡಿಯಲ್ಲಿ ರಘೋತ್ತಮ ಮಾಸ್ತರರು ಪೇಪರ್ ಬಿಚ್ಚಿದರೆಂದರೆ ಯುಗ ಬದಲಾಗಲೇಬೇಕು, ಇಲ್ಲದಿದ್ದರೆ ಚಹಾ ಗಂಟಲಲ್ಲಿ ಇಳಿಯದು. ಚಂದ್ರನ ಮೇಲೆ ಮನುಷ್ಯ ಓಡಾಡಿದರೂ, ಅರಬರು ಎಣ್ಣೆ ಬಂದ್ ಮಾಡಿದರೂ, ವಿಯೆಟ್ನಾಮಿನಲ್ಲಿ ಅಮೆರಿಕ ಸೋತರೂ ಒಂದೇ ಮಾತು: “ಯುಗ ಬದಲಾತು ನೋಡ್ರೆಪಾ!” ಊರಿನ ಅರ್ಜಿಗಳನ್ನೆಲ್ಲ ಬಿಟ್ಟಿ ಬರೆದುಕೊಡುವವರು ಅವರೇ, ಹಾಗಾಗಿ ಜನ ತಲೆಯಾಡಿಸುತ್ತಿದ್ದರು. ಒಂದು ಮುಂಜಾನೆ, ಪಕ್ಕದ ದೇಗಾಂವದಲ್ಲಿ ಅವರ ಹೊಲವನ್ನು ಗೇಣಿಗೆ ಉಳುವ ಅಂದಾನೆಪ್ಪ ಅಂಗಡಿಗೆ ಬಂದು, ಉಳುವವನಿಗೇ ಹೊಲ ಎಂಬ ಹೊಸ ಕಾಯ್ದೆಯ ಫಾರ್ಮು ಮುಂದಿಟ್ಟ. “ತುಂಬಿ ಕೊಡ್ರಿ ಮಾಸ್ತರ. ಮಾಲಕರು ನೀವ ಅದೀರಿ, ಸರ್ವೆ ನಂಬರ್ ಬಾಯಿಪಾಠ ಇರತೈತಿ.” ಮಾಸ್ತರರು ಚಷ್ಮಾ ಒರೆಸಿಕೊಂಡು, ದುಂಡಗಿನ ಅಕ್ಷರದಲ್ಲಿ, ಒಂದೂ ತಪ್ಪಿಲ್ಲದೆ ತುಂಬಿದರು. “ಯುಗ ಬದಲಾತೇನ್ರಿ?” ಎಂದ ಅಂಗಡಿಯ ನಿಜಗುಣಪ್ಪ. ಅವನತ್ತ ನೋಡದೆ ಮಾಸ್ತರರು ಅಂದಾನೆಪ್ಪನಿಗೆ ಪೆನ್ನು ಕೊಟ್ಟರು. “ಹೆಬ್ಬೆಟ್ಟು ಒತ್ತಬ್ಯಾಡ, ಸಹಿ ಮಾಡೋ. ನಿನಗ ನಾನ ಕಲಿಸೇನಲ್ಲ.”