ಉಡಚಕ್ಕನ ಸಾಲು

ಪ್ರತಿ ಗುರುವಾರ ಬೆಳಿಗ್ಗೆ ನ್ಯಾಮತಿ ಬಸ್ಸಿನಿಂದ ಹಾರ್ಮೋನಿಯಂ ಹೊತ್ತು ಇಳಿಯುವ ಗೋಣೆಪ್ಪ ಮೇಷ್ಟ್ರು ಹೊನ್ನಾಳಿಯ ವೃದ್ಧಾಶ್ರಮದಲ್ಲಿ ಯಾರನ್ನೂ ಸುಮ್ಮನೆ ಕೂರಲು ಬಿಡುವವರಲ್ಲ. "ಬಾಯಿ ತೆಗೀರಿ, ನಾನೇನು ಹಲ್ಲು ಎಣಿಸಾಕೆ ಬಂದಿಲ್ಲ" ಎಂದು ಗದರುತ್ತಾರೆ. ಯಾರ ದನಿ ಎಲ್ಲಿಗೆ ಜಾರಿದರೂ ಅವರ ಬೆರಳು ಹಿಂದೆಯೇ ಓಡಿ ಹಿಡಿದು ತರುತ್ತದೆ. ಶ್ರುತಿ ಪೂರಾ ಕೆಟ್ಟರೆ "ನನ್ನ ಪೆಟ್ಟಿಗೆಗೆ ವಯಸ್ಸಾಗೈತೆ" ಎಂದು ತಪ್ಪನ್ನು ತಾವೇ ಹೊರುತ್ತಾರೆ. ಸೋಬಾನೆ ಪದವನ್ನು ಮಾತ್ರ ಅಲ್ಲಿನ ಅಜ್ಜಿ ಉಡಚಮ್ಮನೇ ಎತ್ತಬೇಕಿತ್ತು, ಉಳಿದವರು ಸೊಲ್ಲು ಹಿಡಿದು ಅವರ ಹಿಂದೆ ಹಾಡಬೇಕಿತ್ತು. ಹೋದ ವಾರ ಉಡಚಮ್ಮ ತೀರಿಕೊಂಡರು. ಈ ಗುರುವಾರ ಅವರ ಬದಲು, ಸೊಲ್ಲು ಹಿಡಿಯುತ್ತಿದ್ದ ಪಾಪಣ್ಣ ಪದ ಎತ್ತಲು ಹೋದಾಗ ಮೇಷ್ಟ್ರು ಕೈಯಡ್ಡ ಮಾಡಿದರು. "ತಡೀರಿ ಪಾಪಣ್ಣಾರೆ, ಇದು ಉಡಚಕ್ಕನ ಸಾಲು. ಮುಗೀಲಿ" ಎಂದು, ಯಾರೂ ಹಾಡದ ಆ ಸಾಲನ್ನು ಕೊನೆಯವರೆಗೂ ನುಡಿಸಿದರು.