ಮಾವಿನ ಸಿಪ್ಪೆಯ ಜಿಗಿ

ಮಾವಿನ ತಿರುಳು ತೆಗೆಯುವ ನಮ್ಮ ಘಟಕದಲ್ಲಿ ಸಿಪ್ಪೆ ತಿಪ್ಪೆ ಸೇರುವುದನ್ನು ನೋಡಲಾರದೆ, ಅದನ್ನು ತೊಳೆದು, ಒಣಗಿಸಿ, ಪುಡಿ ಮಾಡಿಸಿದವಳು ನಾನೇ. ಪುಡಿ ಹೊತ್ತು ಬಮ್ಮಿಗಟ್ಟಿಗೆ ಹೋದೆ. ಅಲ್ಲಿ ರೊಟ್ಟಿ ಮಾರುವ ಗಂಗವ್ವ ಒಪ್ಪಿದರೆ ಊರೇ ಒಪ್ಪಿದಂತೆ.

“ಇದರಾಗ ನಾರಿನಂಶ ಐತ್ರಿ. ಕೊಲೆಸ್ಟ್ರಾಲ್ ಇಳಿಸಾಕ ಅನುಕೂಲ ಆಗ್ತೈತಿ,” ಎಂದೆ.

“ನಮ್ಮ ಎಮ್ಮಿ ತಿನ್ನೂ ಸಿಪ್ಪಿ ಮಂದಿಗೆ ತಿನಸ್ತೀರೇನ್ರಿ ಅಕ್ಕಾರ?” ಎಂದರು ಗಂಗವ್ವ.

ಆದರೂ ನನ್ನ ಮುಖ ನೋಡಿ, ಹಳೆಯ ಜೋಳದ ಹಿಟ್ಟಿಗೆ ಒಂದು ಹಿಡಿ ಬೆರೆಸಿದರು. ಜಿಗಿಯೆಲ್ಲ ಹೋಗಿ, ಬಡಿದರೆ ಬಿರಿಯುತ್ತಿದ್ದ ಹಿಟ್ಟು ಅದು. ನನ್ನ ಪುಡಿಗಾಗಿ ಒಳ್ಳೆಯ ಹಿಟ್ಟನ್ನೇಕೆ ದಂಡ ಮಾಡಬೇಕು ಎಂಬ ಲೆಕ್ಕ ಅವರದು! ಬಿಸಿನೀರು ಹಾಕಿ, ನಾದಿ, ಬಡಿಯತೊಡಗಿದರು. ರೊಟ್ಟಿ ಬಿರಿಯಲಿಲ್ಲ, ಅಗಲವಾಗುತ್ತಲೇ ಹೋಯಿತು. ಗಂಗವ್ವನ ಕೈ ನಿಂತಿತು.

“ಈ ಹಿಟ್ಟಿಗೆ ಜಿಗಿ ಎಲ್ಲಿಂದ ಬಂತ್ರಿ?”

“ಅದ ನೋಡ್ರಿ ನಾರಿನಂಶ. ಹೊಟ್ಯಾಗೂ ಹಿಂಗ ಜಿಗಿ ಆಗಿ ಕೊಲೆಸ್ಟ್ರಾಲ್ ಇಳಿಸಾಕ ನೆರವಾಗ್ತೈತಿ.”

“ಜಿಗಿ ಅಂತ ಮೊದಲ ಹೇಳಬಾರದೇನ್ರಿ! ಸುಮ್ಮನ ಇಂಗ್ಲಿಷ್ ಮಾತಾಡಿದ್ರಿ.”

ಪುಡಿಯಲ್ಲಿ ನಾರಿನಂಶವಿದೆ ಎಂಬ ಪ್ರಯೋಗಾಲಯದ ವರದಿ ಕೈಗೆ ಬಂದಾಗಲೂ ನನ್ನ ಎದೆ ಅಷ್ಟು ಉಬ್ಬಿರಲಿಲ್ಲ. ಈಗ ನಾನು ಹೋದರೆ ಗಂಗವ್ವ ಪುಡಿಗೆಂದು ಡಬ್ಬಿ ಹಿಡಿದೇ ಬಾಗಿಲಿಗೆ ಬರುತ್ತಾರೆ. ಮನೆಯ ಸಿಪ್ಪೆಯನ್ನೂ ಅವರೇ ಒಣಹಾಕುತ್ತಾರೆ. ಅವರ ಎಮ್ಮೆ ಮಾತ್ರ ನನ್ನನ್ನು ಕಂಡರೆ ಮುಖ ತಿರುಗಿಸುತ್ತದೆ.